ಆರನೇ ವಾರದ ಲೆಕ್ಕ

ನಿವೃತ್ತರಾದವರನ್ನು ಯಾವುದಾದರೊಂದು ಸಮಿತಿಗೆ ಎಳೆದುಕೊಳ್ಳುವುದು ನಮ್ಮ ಮಲೆನಾಡಿನಲ್ಲಿ ರೂಢಿ. ಸಾಗರದ ಕಡೆಯ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದ ನನಗೂ ಕೆಲಸ ಮುಗಿದ ವರ್ಷವೇ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ಎಂದು ಕರೆಗಳು ಬಂದವು. ಅವುಗಳ ನಡುವೆ ಇದೊಂದು ಬಂತು: ಶಿವಮೊಗ್ಗ ಜಿಲ್ಲೆಯ ಬಡವರಿಗೆ ಉಚಿತವಾಗಿ ಕಣ್ಣಿನ ಚಿಕಿತ್ಸೆ ನೀಡುವ ಸೇವಾ ಸಂಸ್ಥೆಯ ಆಡಳಿತ ಮಂಡಳಿಗೆ ಖಜಾಂಚಿ ಬೇಕಾಗಿದ್ದರು.

"ಹೆಚ್ಚಿನ ಕೆಲಸವೇನೂ ಇಲ್ಲಮ್ಮಾ. ಮೂರು ತಿಂಗಳಿಗೊಂದು ಸಭೆ, ಮಧ್ಯೆ ಚೆಕ್ಕುಗಳಿಗೆ ಸಹಿ. ಅಷ್ಟೇ" ಎಂದರು ಅಧ್ಯಕ್ಷರು ಫೋನಿನಲ್ಲಿ.

ಚೆಕ್ಕಿಗೆ ಸಹಿ ಹಾಕುವುದು ದೊಡ್ಡ ಕೆಲಸವೇನಲ್ಲ ಎಂದು ನಂಬಿದವರ ಕೈಯಲ್ಲಿ ಮುಳುಗಿಹೋದ ಸಂಘಗಳನ್ನು ನಾನು ಕಣ್ಣಾರೆ ಕಂಡವಳು. ಹಾಗಾಗಿ ಒಪ್ಪಿಗೆ ಕೊಡುವ ಮೊದಲು ಸಂಸ್ಥೆಯ ಬೈಲಾ, ಹಿಂದಿನ ವರ್ಷಗಳ ಆಡಿಟ್ ವರದಿ ಮತ್ತು ನಡಾವಳಿ ಪುಸ್ತಕ ನೋಡಬೇಕು ಎಂದೆ. ಅಧ್ಯಕ್ಷರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಬನ್ನಿ, ಕಚೇರಿಯಲ್ಲಿ ಕುಳಿತು ಓದಿ. ಇಷ್ಟು ವರ್ಷಗಳಲ್ಲಿ ಇದನ್ನು ಕೇಳಿದವರು ನೀವೇ ಮೊದಲಿಗರು" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ನಾನು ಒಪ್ಪಿಕೊಳ್ಳಲು ಅರ್ಧ ಕಾರಣ ಅದೇ.

ಕಣ್ಣಿನ ಸೇವೆ ಎಂದರೆ ನಮ್ಮ ಕಡೆಯ ಹಿರಿಯರಿಗೆ ಇಂದಿಗೂ ಡಾ. ಎಂ.ಸಿ. ಮೋದಿಯವರ ನೆನಪು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ತಂಡ ಕಟ್ಟಿಕೊಂಡು ಹೋಗಿ ಸಾಲು ಸಾಲಾಗಿ ಪೊರೆ ತೆಗೆದ ವೈದ್ಯರು ಅವರು. 1968ರಲ್ಲಿ ಪದ್ಮಭೂಷಣ ಬಂತು. ಆಗ ಕಣ್ಣಿನೊಳಗೆ ಲೆನ್ಸ್ ಇಡುವ ಪದ್ಧತಿ ನಮ್ಮಲ್ಲಿ ರೂಢಿಗೆ ಬಂದಿರಲಿಲ್ಲ. ಪೊರೆ ತೆಗೆಸಿಕೊಂಡವರು ಉಳಿದ ಆಯುಷ್ಯವಿಡೀ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡಿರುತ್ತಿದ್ದರು. ನಮ್ಮ ಸಂಸ್ಥೆ ಹುಟ್ಟಿದ್ದೂ ಅಂಥ ಶಿಬಿರಗಳ ಹುರುಪಿನಲ್ಲೇ. ಈಗ ಶಾಲೆಯ ಕೊಠಡಿಯಲ್ಲಿ, ಕಲ್ಯಾಣ ಮಂಟಪದಲ್ಲಿ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಹಳ್ಳಿಯಲ್ಲಿ ತಪಾಸಣೆ ಮಾತ್ರ. ಪೊರೆ ಬಲಿತವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆತಂದು, ಅಲ್ಲಿನ ಥಿಯೇಟರಿನಲ್ಲಿ ಆಪರೇಷನ್ ಮಾಡಿಸಿ, ಮರಳಿ ಊರಿಗೆ ಬಿಡಬೇಕು. ಸೋಂಕಿನ ಭಯ ಗೊತ್ತಿರುವ ಯಾರೂ ಈ ನಿಯಮದ ಬಗ್ಗೆ ಗೊಣಗುವುದಿಲ್ಲ.

ಕಾಗದಪತ್ರಗಳನ್ನು ಓದಿ ಮುಗಿಸಿದ ಮೇಲೆ ಸದಸ್ಯತ್ವದ ಅರ್ಜಿ, ಶುಲ್ಕ, ಮಂಡಳಿಯ ಒಪ್ಪಿಗೆ, ಮಹಾಸಭೆಯಲ್ಲಿ ಆಯ್ಕೆ ಎಲ್ಲವೂ ಕ್ರಮದಂತೆ ನಡೆದವು. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾದ ಸಂಘ. ಮಹಾಸಭೆ ಮುಗಿದು ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿ ನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಉದ್ಯೋಗ ಎಂಬ ಕಡೆ ಗುಮಾಸ್ತ 'ಗೃಹಿಣಿ' ಎಂದು ಬರೆದಿದ್ದ. 'ನಿವೃತ್ತ ಕಾರ್ಯದರ್ಶಿ' ಎಂದು ತಿದ್ದಿಸಿದ ಮೇಲೆಯೇ ಸಹಿ ಹಾಕಿದೆ.

ಮಂಡಳಿಯಲ್ಲಿ ಯಾರಿದ್ದರು ಎಂದು ಹೇಳಬೇಕು. ಅಧ್ಯಕ್ಷರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಒಬ್ಬರು ಭದ್ರಾವತಿಯ ವಕೀಲರು, ಒಬ್ಬರು ಅಕ್ಕಿ ಗಿರಣಿ ಮಾಲೀಕರು, ಇಬ್ಬರು ವೈದ್ಯರು. ಎಲ್ಲರೂ ಒಳ್ಳೆಯವರು. ಒಳ್ಳೆಯವರಾಗಿದ್ದುದರಿಂದಲೇ ಒಬ್ಬರನ್ನೊಬ್ಬರು ಪ್ರಶ್ನಿಸಲು ಸಂಕೋಚಪಡುತ್ತಿದ್ದರು. ನನ್ನ ಮೊದಲ ಸಭೆಯಲ್ಲಿ ಕಾರ್ಯದರ್ಶಿ ವರದಿ ಓದಿದರು: ಇಷ್ಟು ಶಿಬಿರ, ಇಷ್ಟು ತಪಾಸಣೆ, ಇಷ್ಟು ಪೊರೆ ಶಸ್ತ್ರಚಿಕಿತ್ಸೆ, ಕಳೆದ ವರ್ಷಕ್ಕಿಂತ ಇಷ್ಟು ಹೆಚ್ಚು. ಚಪ್ಪಾಳೆ ಬಿತ್ತು, ಕಾಫಿ ಬಂತು, ಗೊತ್ತುವಳಿ ಅಂಗೀಕಾರವಾಯಿತು. ಸಾಲದ ವಿತರಣೆಯ ಮೊತ್ತವನ್ನೇ ಓದಿ ವಸೂಲಾತಿಯ ಮಾತೆತ್ತದೆ ಮುಗಿದ ಸಂಘದ ಸಭೆಯಂತೆ ಕಂಡಿತು ನನಗೆ. ಆಪರೇಷನ್ ಆದವರಲ್ಲಿ ಎಷ್ಟು ಮಂದಿಗೆ ಈಗ ಸರಿಯಾಗಿ ಕಾಣುತ್ತಿದೆ ಎಂದು ಕೇಳಿದೆ. ಮರುದಿನ ಪಟ್ಟಿ ಬಿಚ್ಚಿದಾಗಿನ ದೃಷ್ಟಿಯ ಲೆಕ್ಕವಿತ್ತು. ಆರು ವಾರಗಳ ನಂತರದ ಲೆಕ್ಕ ಇರಲಿಲ್ಲ. ಆ ಹೊತ್ತಿಗೆ ಮರಳಿ ಬಂದವರೇ ಕಡಿಮೆ.

ಈ ಆರು ವಾರದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಪೊರೆಯ ಜಾಗದಲ್ಲಿ ಇಡುವ ಸಾಮಾನ್ಯ ಲೆನ್ಸ್ ದೂರದ ನೋಟಕ್ಕೆ ಹೊಂದಿಸಿದ್ದು. ಕಣ್ಣಿನ ಗಾಯ ಮಾಗಿ ನೋಟ ಒಂದು ಹದಕ್ಕೆ ನಿಲ್ಲಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಆಗ ಮತ್ತೊಮ್ಮೆ ಪರೀಕ್ಷೆ ಮಾಡಿ ಕನ್ನಡಕದ ನಂಬರು ಕೊಡಬೇಕು. ಹತ್ತಿರದ ಕೆಲಸಕ್ಕಂತೂ ಬಹುತೇಕ ಎಲ್ಲರಿಗೂ ಕನ್ನಡಕ ಬೇಕೇ ಬೇಕು. ನಿಧಾನವಾಗಿ ಏಳುವ ಸೋಂಕು, ಒತ್ತಡ, ಊತ ಗೊತ್ತಾಗುವುದೂ ಈ ಮರುಭೇಟಿಗಳಲ್ಲಿಯೇ. 2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ ಐವತ್ತು ವರ್ಷ ದಾಟಿದವರ ಕುರುಡುತನಕ್ಕೆ ಚಿಕಿತ್ಸೆ ಸಿಗದ ಪೊರೆ ಶೇ 66.2ರಷ್ಟು ಕಾರಣವಾಗಿದ್ದರೆ, ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳೇ ಶೇ 7.2ರಷ್ಟು ಕಾರಣ. ಎರಡನೆಯ ಅಂಕಿಯನ್ನು ನಮ್ಮ ವೈದ್ಯರೊಬ್ಬರು ಸಭೆಯಲ್ಲಿ ಓದಿದಾಗ ಯಾರೂ ಮಾತನಾಡಲಿಲ್ಲ. ಸೇವೆ ಎಂದು ಮಾಡಿದ ಕೆಲಸದಿಂದಲೇ ಕಣ್ಣು ಹೋದವರು ಆ ಅಂಕಿಯೊಳಗಿದ್ದಾರೆ.

ಆ ಚಳಿಗಾಲ ನಮ್ಮ ಕ್ಷೇತ್ರ ಕಾರ್ಯಕರ್ತೆಯ ಜೊತೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಹಳ್ಳಿಗಳಿಗೆ ಹೋದೆ, ಮರುತಪಾಸಣೆಗೆ ಬಾರದವರನ್ನು ಮನೆಯಲ್ಲೇ ಕಾಣೋಣ ಎಂದು. ಅಡಿಕೆ ಸುಲಿಯುವ ಕಾಲ. ಒಂದು ಮನೆಯ ಅಂಗಳದ ಚಪ್ಪರದಡಿ ಹೆಂಗಸರು ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತಿದ್ದರು. ನಾವು ಹುಡುಕುತ್ತಿದ್ದ ಅಜ್ಜಿ ಅವರಲ್ಲೇ ಕೊನೆಯವರು. ಎಡಗೈಯ ಎರಡು ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿದ್ದರು. ಉಳಿದವರು ಕಾಯಿಯನ್ನು ಕತ್ತಿಗೆ ಒತ್ತಿ, ತಿರುವಿ, ಸಿಪ್ಪೆ ಬಿಡಿಸಿ ಬುಟ್ಟಿಗೆ ಎಸೆಯುವಷ್ಟರಲ್ಲಿ ಇವರು ಕಾಯಿಯ ತೊಟ್ಟು ಯಾವ ಕಡೆ ಎಂದು ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದರು. ಅವರ ಚೀಟಿಯಲ್ಲಿ ಆಪರೇಷನ್ ಆದ ಕಣ್ಣಿನ ದೃಷ್ಟಿ 6/12 ಎಂದಿತ್ತು, ಅಂದರೆ ಸರಿಯಾದ ಕಣ್ಣಿಗೆ ಹನ್ನೆರಡು ಮೀಟರಿನಿಂದ ಕಾಣುವುದು ಅವರಿಗೆ ಆರು ಮೀಟರಿನಿಂದ ಕಾಣುತ್ತದೆ. ಒಳ್ಳೆಯ ಫಲಿತಾಂಶವೇ.

"ಈಗ ಹೇಗೆ ಕಾಣುತ್ತದೆ ಅಜ್ಜೀ?" ಎಂದು ಕೇಳಿದೆ.

"ಆಚೆ ಗುಡ್ಡ ಕಾಣುತ್ತದೆ ತಾಯೀ. ಕೈಯಲ್ಲಿರುವ ಅಡಿಕೆ ಕಾಣುವುದಿಲ್ಲ."

ಸುಲಿದಷ್ಟಕ್ಕೆ ಕೂಲಿ. ಸುಲಿಯುವ ಹಂಗಾಮಿನಲ್ಲಿ ಒಂದು ದಿನ ಬಿಟ್ಟು ಶಿವಮೊಗ್ಗಕ್ಕೆ ಬಂದರೆ ಆ ದಿನದ ದುಡಿಮೆಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಅವರು ಬರಲಿಲ್ಲ, ಹತ್ತಿರದ ನೋಟದ ಕನ್ನಡಕ ಅವರಿಗೆ ಸಿಗಲಿಲ್ಲ. ನಮ್ಮ ವಾರ್ಷಿಕ ವರದಿಯಲ್ಲಿ ಅವರೂ ಒಂದು ಯಶಸ್ಸು. ಕಾರ್ಯಕರ್ತೆಯ ಚೀಲದಲ್ಲಿದ್ದ ಪರೀಕ್ಷೆಯ ಗಾಜುಗಳಲ್ಲಿ ಪ್ಲಸ್ ಮೂರರದ್ದನ್ನು ಕಣ್ಣಿಗೆ ಹಿಡಿದಾಗ ಅಜ್ಜಿ ತಮ್ಮ ಬೆರಳಿನ ಗಾಯವನ್ನು ಬಿಚ್ಚಿ ನೋಡಿಕೊಂಡರು, ಆಮೇಲೆ ಪಕ್ಕದವಳ ಬುಟ್ಟಿಯತ್ತ ನೋಡಿ, "ನಿನ್ನದು ಇಷ್ಟು ಆಗಿದೆಯೇ!" ಎಂದರು. ಕನ್ನಡಕ ಮುಂದಿನ ವಾರವೇ ಅವರ ಮನೆಗೆ ತಲುಪಿತು.

ಮುಂದಿನ ಸಭೆಗೆ ನಾನು ಒಂದು ಪುಟದ ಟಿಪ್ಪಣಿ ಬರೆದುಕೊಂಡು ಹೋದೆ. ಆಪರೇಷನ್‌ಗಳ ಸಂಖ್ಯೆಯ ಪಕ್ಕದಲ್ಲಿ ಇನ್ನೂ ಮೂರು ಅಂಕಣಗಳು ಬೇಕು: ಆರನೇ ವಾರಕ್ಕೆ ಪರೀಕ್ಷೆಯಾದವರು ಎಷ್ಟು, ಅವರಲ್ಲಿ 6/60ಕ್ಕಿಂತ ಕಡಿಮೆ ಕಾಣುವವರು, ಅಂದರೆ ಕಳಪೆ ಫಲಿತಾಂಶದವರು ಎಷ್ಟು, ಹತ್ತಿರದ ಕನ್ನಡಕ ಕೈಸೇರಿದವರು ಎಷ್ಟು. ಕಳಪೆ ಫಲಿತಾಂಶ ನೂರಕ್ಕೆ ಐದನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಳತೆಗೋಲು. 2021ರ ವಿಶ್ವ ಆರೋಗ್ಯ ಅಧಿವೇಶನವಂತೂ 2030ರ ಗುರಿ ಇಡುವಾಗ ಆಪರೇಷನ್ ಆಯಿತೇ ಎಂದಷ್ಟೇ ನೋಡದೆ, ಆದ ಮೇಲೆ ಚೆನ್ನಾಗಿ ಕಂಡಿತೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ವಿರೋಧ ಬಂತು. ಮುಖ್ಯೋಪಾಧ್ಯಾಯರು, "ವೈದ್ಯರ ಕೆಲಸವನ್ನು ನಾವು ಅಳೆಯುವುದು ಉದ್ಧಟತನವಾಗುತ್ತದೆ ಮೇಡಂ" ಎಂದರು. ಉತ್ತರ ಕೊಟ್ಟದ್ದು ನಾನಲ್ಲ, ವೈದ್ಯರಲ್ಲಿ ಕಿರಿಯರಾದವರು: "ನನ್ನ ಕೈಯಿಂದ ಹೋದ ಕಣ್ಣುಗಳ ಲೆಕ್ಕ ನನಗೇ ಬೇಕು ಸರ್. ಇಲ್ಲದಿದ್ದರೆ ನಾನು ಸುಧಾರಿಸುವುದು ಹೇಗೆ?" ಆ ಮಾತಿನ ನಂತರ ಗೊತ್ತುವಳಿಗೆ ಸೂಚಕರು, ಅನುಮೋದಕರು ತಾವಾಗಿಯೇ ಸಿಕ್ಕರು.

ಆದರೆ ದುಡ್ಡು? 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ನಮ್ಮಂಥ ಸಂಸ್ಥೆಗಳಿಗೆ ಅನುದಾನ ಬರುವುದು ಮಾಡಿದ ಆಪರೇಷನ್ ಒಂದಕ್ಕೆ ಇಷ್ಟು ಎಂದು. ದಾನಿಗಳೂ ಕೇಳುವುದು ಅದನ್ನೇ: ನನ್ನ ಹಣದಲ್ಲಿ ಎಷ್ಟು ಜನರಿಗೆ ಕಣ್ಣು ಬಂತು? ಆಪರೇಷನ್ ಆದವರನ್ನು ಹುಡುಕಿಕೊಂಡು ಹೋಗುವ ಜೀಪಿನ ಡೀಸೆಲ್‌ಗೆ ಯಾರೂ ಹಣ ಕೊಡುವುದಿಲ್ಲ. ಆಡಳಿತ ಮಂಡಳಿ ಎಂಬುದು ಬೇಕಾಗುವುದು ಇಲ್ಲಿಯೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾರೂ ದುಡ್ಡು ಕೊಡದ, ಯಾರೂ ಫೋಟೋ ತೆಗೆಯದ ಭಾಗಕ್ಕೆ ಹಣ ಹೊಂದಿಸಲು ಹೊಣೆಗಾರರಾಗಿ ಕೆಲವರು ಕುಳಿತಿರಬೇಕು. ಷರತ್ತಿಲ್ಲದೆ ಬಂದ ದೇಣಿಗೆಯಲ್ಲಿ ಒಂದು ಪಾಲನ್ನು ಮರುತಪಾಸಣೆಗೆಂದೇ ತೆಗೆದಿಟ್ಟೆವು. ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕಾಗಿಯೇ ಬಳಸಬೇಕೆಂಬ ತೆರಿಗೆ ನಿಯಮ ಇದ್ದುದರಿಂದ, ಠೇವಣಿ ಬೆಳೆಸಬೇಕೆನ್ನುತ್ತಿದ್ದವರಿಗೆ ಉತ್ತರ ಹೇಳುವುದು ಸುಲಭವಾಯಿತು.

ಅಡಿಕೆ ಮಾರಿದ ವಾರ ನಗದು ತಂದು ಕಚೇರಿಯ ಮೇಜಿನ ಮೇಲಿಡುವ ದೊಡ್ಡ ಮನಸ್ಸಿನವರು ನಮ್ಮಲ್ಲಿ ಬಹಳ. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ಅವರಿಗೆ ತಿಳಿಹೇಳಿ, ಬ್ಯಾಂಕಿನ ಮೂಲಕವೇ ಕೊಡುವಂತೆ ಒಪ್ಪಿಸುವುದು ಖಜಾಂಚಿಯ ಪಾಲಿನ ಕೆಲಸ. ಬೇಸರ ಮಾಡಿಕೊಂಡವರೂ ಉಂಟು. ರಸೀದಿ ಮಾತ್ರ ಒಂದು ರೂಪಾಯಿಗೂ ತಪ್ಪುವುದಿಲ್ಲ.

ಒಂದು ಕಂಪನಿಯವರ ವಿಷಯ ನನಗೆ ಈಗಲೂ ನೋವು. ಕಂಪನಿ ಕಾಯಿದೆಯಡಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಾದವರು. ಮಾರ್ಚ್ ಕೊನೆಯೊಳಗೆ ಮುಗಿಯಬೇಕು ಎಂಬ ಅವಸರ ಅವರದು. ಆಪರೇಷನ್ ಆದ ಮರುದಿನ ಬೆಳಿಗ್ಗೆ ರೋಗಿಗಳೆಲ್ಲ ಕಂಪನಿಯ ಹೆಸರಿನ ಟೋಪಿ ಹಾಕಿಕೊಂಡು, ಕಣ್ಣಿನ ಪಟ್ಟಿ ಸಮೇತ ಬ್ಯಾನರಿನ ಮುಂದೆ ಸಾಲಾಗಿ ನಿಲ್ಲಬೇಕು ಎಂದರು. ರಾತ್ರಿಯಿಡೀ ನಿದ್ದೆಯಿಲ್ಲದ ಮುದುಕರು, ಒಂದು ಕಣ್ಣು ಮುಚ್ಚಿರುವಾಗ ಮೆಟ್ಟಿಲು ಇಳಿಯಲೂ ಇನ್ನೊಬ್ಬರ ತೋಳು ಹಿಡಿಯಬೇಕಾದವರು. ಅವರನ್ನು ಹಾಗೆ ನಿಲ್ಲಿಸುವುದಿಲ್ಲ ಎಂದು ಮಂಡಳಿ ಬರೆದು ತಿಳಿಸಿತು. ಹಣ ಬರಲಿಲ್ಲ. ಆ ಗೊತ್ತುವಳಿಗೆ ಮೊದಲು ಕೈ ಎತ್ತಿದವರು ಅಧ್ಯಕ್ಷರೇ ಎಂಬುದನ್ನು ಇಲ್ಲಿ ದಾಖಲಿಸಲು ನನಗೆ ಸಂತೋಷ.

ಥಿಯೇಟರಿನೊಳಗೆ ಏನು ನಡೆಯುತ್ತದೆ ಎಂದು ಗೊತ್ತಿಲ್ಲದೆ ಸೋಂಕಿನ ಬಗ್ಗೆ ಮಾತನಾಡಬಾರದು ಎನ್ನಿಸಿ, ಶಸ್ತ್ರಚಿಕಿತ್ಸೆ ಇಲ್ಲದ ದಿನ ನೋಡಲು ಕೇಳಿಕೊಂಡೆ. ಹಿರಿಯ ಸಿಸ್ಟರ್ ಒಬ್ಬರು ಉಪಕರಣಗಳ ಪೊಟ್ಟಣವೊಂದನ್ನು ಕೈಗೆ ಕೊಟ್ಟು, ಅದರ ಮೇಲಿನ ಅಂಟು ಪಟ್ಟಿ ತೋರಿಸಿದರು. ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್‌ಗೆ ಹೋಗುವ ಮೊದಲು ಅದರ ಗೆರೆಗಳು ಮಸುಕು. ಬಿಸಿ ಹಬೆ ತಾಗಿ ಬಂದ ಮೇಲೆ ಕಪ್ಪು. "ಪಟ್ಟಿ ಕಪ್ಪಾದ ಮಾತ್ರಕ್ಕೆ ಒಳಗಿನ ಸೂಕ್ಷ್ಮಜೀವಿ ಸತ್ತಿದೆ ಎಂದಲ್ಲ ಅಮ್ಮಾ. ಅದಕ್ಕೆ ಬೇರೆ ಪರೀಕ್ಷೆ ಇದೆ, ಅದರ ಪುಸ್ತಕ ಇಲ್ಲಿದೆ" ಎಂದು ದಿನಾಂಕವಾರು ಬರೆದ ನೋಂದಣಿ ಪುಸ್ತಕ ತೆರೆದರು. ಸೋಂಕಿನ ಅನುಮಾನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ನಿಲ್ಲಿಸಬೇಕು ಎಂದು ಗೊತ್ತು, ಆದರೆ ಕೆಳಗೆ ಎರಡು ಬಸ್ಸಿನಷ್ಟು ಜನ ಬಂದು ಕುಳಿತಿರುವಾಗ ನಿಲ್ಲಿಸಿ ಎಂದು ಹೇಳುವವರು ಯಾರು ಎಂಬುದೇ ಪ್ರಶ್ನೆ ಎಂದರು.

ಆ ಮಾತಿನಿಂದ ಹುಟ್ಟಿದ್ದೇ ನಮ್ಮ ಮಂಡಳಿಯ ನಿಯಮಗಳಲ್ಲಿ ನಾನು ಅತ್ಯಂತ ಬೆಲೆಕೊಡುವ ನಿಯಮ. ಅನುಮಾನ ಬಂದ ಕ್ಷಣವೇ ಕರ್ತವ್ಯದಲ್ಲಿರುವ ವೈದ್ಯರಾಗಲಿ, ಥಿಯೇಟರಿನ ಸಿಸ್ಟರ್ ಆಗಲಿ ಆ ದಿನದ ಶಸ್ತ್ರಚಿಕಿತ್ಸೆಗಳನ್ನು ನಿಲ್ಲಿಸಬಹುದು. ಅಧ್ಯಕ್ಷರ ಅನುಮತಿಗೆ ಕಾಯಬೇಕಿಲ್ಲ, ನಿಲ್ಲಿಸಿದ್ದಕ್ಕೆ ವಿವರಣೆ ಕೇಳಿ ನೋಟಿಸು ಕೊಡುವಂತಿಲ್ಲ. ಆಗಲೇ ಆಪರೇಷನ್ ಆದವರನ್ನು ಕರೆಸಿ ನೋಡುವ, ಬಂದವರಿಗೆ ಊಟ ಹಾಕಿ ವಾಪಸು ಕಳುಹಿಸುವ ಖರ್ಚಿಗೆ ಮುಂಗಡ ಮಂಜೂರಾತಿ ಇದೆ.

ಸಂಬಂಧಿಕರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸದಸ್ಯರೊಬ್ಬರ ಅಳಿಯನ ಅಂಗಡಿಯಿಂದ ಕನ್ನಡಕದ ಫ್ರೇಮು ಬರುತ್ತಿತ್ತು. ಬೆಲೆಯಲ್ಲಿ ಮೋಸವಿರಲಿಲ್ಲ. ಆದರೂ ಆಡಳಿತದಲ್ಲಿರುವವರ ಬಂಧುಗಳಿಗೆ ಸಂಸ್ಥೆಯ ಹಣದಿಂದ ಅನುಚಿತ ಲಾಭವಾದರೆ ತೆರಿಗೆ ವಿನಾಯಿತಿಗೇ ಕುತ್ತು. 1961ರ ಆದಾಯ ತೆರಿಗೆ ಕಾಯಿದೆಯ 13ನೇ ಕಲಮು ಹೇಳಿದ್ದು ಅದನ್ನೇ. ಈಗ ಪ್ರತಿ ವರ್ಷ ಎಲ್ಲರೂ ತಮ್ಮ ಬಂಧುಗಳ ವ್ಯವಹಾರ ಬರೆದುಕೊಡುತ್ತೇವೆ. ಅಂಥ ಖರೀದಿಯ ಚರ್ಚೆ ಬಂದಾಗ ಸಂಬಂಧಪಟ್ಟವರು ಎದ್ದು ಹೊರಗೆ ಕುಳಿತುಕೊಳ್ಳುತ್ತಾರೆ, ಹೊರಗೆ ಹೋದ ಸಮಯವೂ ನಡಾವಳಿಯಲ್ಲಿ ದಾಖಲಾಗುತ್ತದೆ. ಮೊದಲ ಸಲ ಹೊರಗೆ ಹೋದ ಹಿರಿಯರು ಮುಖ ಕೆಂಪು ಮಾಡಿಕೊಂಡಿದ್ದರು. ಎರಡನೆಯ ಸಲ ಅವರೇ ಹೇಳಿ ಎದ್ದರು.

ಊರಿನವರು ಮಂಡಳಿಯಲ್ಲಿದ್ದರೆ ಆಗುವ ಲಾಭ ಇನ್ನೊಂದಿದೆ. ಜೂನ್, ಜುಲೈಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಆ ಸುಣ್ಣ ಕಣ್ಣಿಗೆ ಸಿಡಿದು ಬರುವವರ ಬಗ್ಗೆ ಮೊದಲು ಎಚ್ಚರಿಸಿದವರು ಅಧ್ಯಕ್ಷರು. ಅವರ ತೋಟದಲ್ಲೇ ಅದನ್ನು ಕಂಡವರು. ಸುಣ್ಣ ಕಣ್ಣಿನ ಮುಂದಿನ ತಿಳಿ ಪದರವಾದ ಕಾರ್ನಿಯಾವನ್ನು ಸುಡುತ್ತದೆ, ಒಳಗೊಳಗೇ ಇಳಿಯುತ್ತದೆ. ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ಶುದ್ಧ ನೀರಿನಿಂದ ಕಾಲು ಗಂಟೆಗೂ ಹೆಚ್ಚು ಹೊತ್ತು ಕಣ್ಣು ತೊಳೆಯಬೇಕು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಇದನ್ನು ಅಚ್ಚು ಹಾಕಿಸಿ, ಮೈಲುತುತ್ತ ಮಾರುವ ಸಹಕಾರ ಸಂಘಗಳ ಕೌಂಟರುಗಳಲ್ಲಿ ಅಂಟಿಸಿದ್ದೇವೆ. ನನ್ನ ಹಳೆಯ ಸಹೋದ್ಯೋಗಿಗಳು ಚೀಲದ ಜೊತೆ ಒಂದೊಂದು ಕರಪತ್ರವನ್ನೂ ಕೊಡುತ್ತಾರೆ.

ಮರುತಪಾಸಣೆಯ ಲೆಕ್ಕ ಈಗ ಪ್ರತಿ ಸಭೆಗೂ ಬರುತ್ತದೆ. ಎಲ್ಲ ಕಡೆಯೂ ಸುಧಾರಿಸಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಕಡೆಯವರು ಲಾಂಚಿನ ವೇಳೆಗೆ ಕಟ್ಟುಬಿದ್ದಿದ್ದ ದಿನಗಳಲ್ಲಿ ನಮ್ಮ ವಾಹನವೂ ಅಂಬಾರಗೋಡ್ಲಿನ ದಡದಲ್ಲಿ ಸರದಿಗೆ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪುತ್ತದೆ ಎಂದು ಅರ್ಧ ಊರು ಬಿಟ್ಟು ಬಂದದ್ದಿದೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಭಾಗದ ಪಟ್ಟಿ ತುಂಬುತ್ತ ಬಂದಿದೆ. ಮಳೆಗಾಲದಲ್ಲಿ ಆಗುಂಬೆ ಸುತ್ತಿನ ಒಂಟಿ ಮನೆಗಳವರದ್ದು ಇನ್ನೂ ಖಾಲಿ ಖಾಲಿ.

ಸದ್ಯ ಮಂಡಳಿಯಲ್ಲಿ ಜಗಳವಾಗುತ್ತಿರುವುದು ಗ್ಲಾಕೋಮಾದ ಬಗ್ಗೆ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಕಾಪಾಡಲು ಬಹುಪಾಲು ಜನ ಪ್ರತಿದಿನ, ಬದುಕಿರುವವರೆಗೂ ಹನಿ ಔಷಧಿ ಹಾಕಿಕೊಳ್ಳಬೇಕು. ಪಟ್ಟಿ ಬಿಚ್ಚಿ ಬೆಳಕು ಕಾಣುವ ಗಳಿಗೆ ಇಲ್ಲಿ ಇಲ್ಲ, ಹಾಗಾಗಿ ದಾನಿಗಳೂ ಇಲ್ಲ. ಹನಿ ಕೊಳ್ಳಲಾಗದವರಿಗಾಗಿ ಪ್ರತ್ಯೇಕ ನಿಧಿ ಇಡಬೇಕೆಂಬ ಗೊತ್ತುವಳಿಯ ಕರಡನ್ನು ನಾನು ಬರೆದಿದ್ದೇನೆ, ವಕೀಲರು ಅನುಮೋದಕರಾಗಲು ಒಪ್ಪಿದ್ದಾರೆ. ಅಕ್ಕಿ ಗಿರಣಿಯವರು ಒಪ್ಪಿಲ್ಲ. "ಇದು ಕೊನೆಯಿಲ್ಲದ ಖರ್ಚು ಅಕ್ಕಾ. ಮೂರು ವರ್ಷಕ್ಕೆ ದುಡ್ಡು ಮುಗಿದರೆ ಅವರನ್ನು ನಡುನೀರಿನಲ್ಲಿ ಕೈಬಿಟ್ಟಂತಾಗುತ್ತದೆ" ಎಂಬುದು ಅವರ ಆಕ್ಷೇಪ. ತೂಕದ ಮಾತು. ಅದಕ್ಕಾಗಿ, ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಈಗಿರುವವರ ಐದು ವರ್ಷಗಳ ಔಷಧಿಗೆ ಬೇಕಾದಷ್ಟು ಹಣ ಕೈಯಲ್ಲಿರಲೇಬೇಕು ಎಂಬ ಷರತ್ತನ್ನು ಕರಡಿಗೆ ಸೇರಿಸುತ್ತಿದ್ದೇನೆ. ಮಹಾಸಭೆಯ ಸೂಚನಾ ಪತ್ರ ಹೊರಡುವ ಮೊದಲು ಇಬ್ಬರೂ ಕುಳಿತು ಲೆಕ್ಕ ನೋಡುವುದೆಂದು ಮಾತಾಗಿದೆ. ಹನಿ ಔಷಧಿಯ ದರಪಟ್ಟಿಗಳನ್ನು ಈಗಾಗಲೇ ತರಿಸಿಕೊಂಡಿದ್ದೇನೆ.